ಗೆಳೆಯನ ಜೊತೆ ಕಾರು ಕಲಿಯುವವರಿಗೆ: ಖಾಲಿ ಬಯಲಿನಿಂದ ಘಟ್ಟದವರೆಗೆ

ಡ್ರೈವಿಂಗ್ ಶಾಲೆಯಲ್ಲಿ ಕಾರನ್ನು ಹೊರಡಿಸುವುದು, ತಿರುಗಿಸುವುದು, ನಿಲ್ಲಿಸುವುದು ಇವಿಷ್ಟನ್ನು ಕಲಿಸುತ್ತಾರೆ. ಆದರೆ ಅವು ಕೈಕಾಲಿಗೆ ರೂಢಿಯಾಗುವಷ್ಟು ಸಮಯ ಅಲ್ಲಿ ಸಿಗುವುದಿಲ್ಲ. ಆದ್ದರಿಂದ ನಮ್ಮ ಉತ್ತರ ಕನ್ನಡದಲ್ಲಿ ಕಾರು ಕಲಿಯುವ ಅನೇಕರು, ಶಾಲೆಯ ದಿನಗಳು ಮುಗಿದ ಮೇಲೆ ಲೈಸೆನ್ಸ್ ಇರುವ ಗೆಳೆಯನನ್ನೋ ಗೆಳತಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮುಂದುವರಿಸುತ್ತಾರೆ. ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಮನೆಯ ಕಾರಿನಲ್ಲಿ ಅದು ಇಲ್ಲ. ಗೆಳೆಯನ ಕೈಗೆ ಎಟಕುವುದು ಹ್ಯಾಂಡ್ ಬ್ರೇಕ್ ಒಂದೇ, ಅದೂ ಕಾರು ನಿಧಾನವಾಗಿ ಹೋಗುತ್ತಿರುವಾಗ ಮಾತ್ರ ಉಪಯೋಗಕ್ಕೆ ಬರುವಂಥದ್ದು. ಹೀಗಾಗಿ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ರಸ್ತೆಗೆ ಕಾರನ್ನು ಇಳಿಸಬೇಕೆಂಬ ತೀರ್ಮಾನವೇ ಅವನ ಬಳಿ ಇರುವ ದೊಡ್ಡ ಬ್ರೇಕು. ಕಾರವಾರ, ಕುಮಟಾ, ಶಿರಸಿಯ ಸುತ್ತಲಿನ ರಸ್ತೆಗಳನ್ನು ಕಣ್ಣಮುಂದೆ ಇಟ್ಟುಕೊಂಡು, ಆ ತೀರ್ಮಾನಗಳನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳಬಹುದೆಂದು ಇಲ್ಲಿ ವಿವರಿಸಿದ್ದೇನೆ.

ಮೊದಲು ಕಾಗದಪತ್ರ

ಕಾರು ಕಲಿಯುವವರಿಗೆ 18 ವರ್ಷ ತುಂಬಿರಬೇಕು ಮತ್ತು ಕಲಿಕಾ ಲೈಸೆನ್ಸ್, ಅಂದರೆ ನಾವೆಲ್ಲ ಎಲ್‌ಎಲ್ ಎಂದು ಕರೆಯುವುದು, ಕೈಯಲ್ಲಿರಬೇಕು. ಅರ್ಜಿಯನ್ನು ಲೈಸೆನ್ಸ್ ಕೆಲಸಗಳಿಗೆಂದೇ ಸರ್ಕಾರ ನಡೆಸುವ ಸಾರಥಿ ಪೋರ್ಟಲ್ ಎಂಬ ಜಾಲತಾಣದ ಮೂಲಕ ಸಲ್ಲಿಸಬಹುದು. ಜಿಲ್ಲೆಯಲ್ಲಿ ಕಾರವಾರ, ಶಿರಸಿ, ಹೊನ್ನಾವರ ಮತ್ತು ದಾಂಡೇಲಿಗಳಲ್ಲಿ ಸಾರಿಗೆ ಕಚೇರಿಗಳಿವೆ. ವಾಹನಗಳ ಮೇಲೆ ಕಾಣುವ ಕೆಎ 30, 31, 47 ಮತ್ತು 65 ಅನುಕ್ರಮವಾಗಿ ಈ ಕಚೇರಿಗಳ ಸಂಖ್ಯೆಗಳು. ಕಲಿಕಾ ಲೈಸೆನ್ಸ್ 6 ತಿಂಗಳವರೆಗೆ ಊರ್ಜಿತವಾಗಿರುತ್ತದೆ ಮತ್ತು ಅದು ಸಿಕ್ಕಿ 30 ದಿನ ಕಳೆಯುವ ಮೊದಲು ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ. ಈ 30 ದಿನಗಳನ್ನು ಸರ್ಕಾರ ಹೇರಿದ ಕಾಯುವಿಕೆ ಎಂದು ಬೇಸರಿಸಿಕೊಳ್ಳುವವರೇ ಹೆಚ್ಚು. ನಮ್ಮ ರಸ್ತೆಗಳ ಮಟ್ಟಿಗೆ ಅದು ಕಡಿಮೆಯೇ ಆಯಿತೆಂದು ನನ್ನ ಅಭಿಪ್ರಾಯ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೆಯ ನಿಯಮವನ್ನು ಕಲಿಯುವವರು ಮತ್ತು ಪಕ್ಕದಲ್ಲಿ ಕೂರುವವರು ಇಬ್ಬರೂ ತಿಳಿದಿರಬೇಕು. ಅದರ ಪ್ರಕಾರ ಕಲಿಯುವವರ ಜೊತೆಯಲ್ಲಿ, ಆ ಬಗೆಯ ವಾಹನ ಓಡಿಸಲು ಊರ್ಜಿತ ಲೈಸೆನ್ಸ್ ಇರುವ ಒಬ್ಬರು, ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲಿ ಕುಳಿತಿರಬೇಕು. ಎಂದರೆ ಗೆಳೆಯ ಮುಂದಿನ ಎಡ ಸೀಟಿನಲ್ಲೇ ಇರಬೇಕು. ಹಿಂದೆ ಕುಳಿತು ಸಲಹೆ ಕೊಡುವುದು, ಬೈಕಿನಲ್ಲಿ ಹಿಂಬಾಲಿಸುವುದು, ಅಂಗಡಿಯ ಮುಂದೆ ಇಳಿದು 'ಒಂದು ಸುತ್ತು ಹೊಡೆದು ಬಾ' ಎನ್ನುವುದು, ಇವು ಯಾವುವೂ ನಡೆಯುವುದಿಲ್ಲ. ಬೈಕ್ ಲೈಸೆನ್ಸ್ ಮಾತ್ರ ಇರುವ ಗೆಳೆಯ ಕಾರಿನ ಮಟ್ಟಿಗೆ ಲೈಸೆನ್ಸ್ ಇಲ್ಲದವನಂತೆಯೇ ಲೆಕ್ಕ. ಕಾರಿನ ಮುಂದೆ ಮತ್ತು ಹಿಂದೆ ಎಲ್ ಬೋರ್ಡ್ ಇರಬೇಕು: 18 ಸೆಂಟಿಮೀಟರ್ ಚೌಕದ ಬಿಳಿ ಹಿನ್ನೆಲೆಯ ಮೇಲೆ ಕನಿಷ್ಠ 10 ಸೆಂಟಿಮೀಟರ್ ಎತ್ತರದ ಕೆಂಪು ಅಕ್ಷರ. ಕಾಗದದಲ್ಲಿ ಪೆನ್ನಿನಿಂದ ಬರೆದು ಗಾಜಿಗೆ ಅಂಟಿಸಿದ್ದು ಹಿಂದೆ ಬರುವ ಟಿಪ್ಪರಿನವನಿಗೆ ಕಾಣುವುದಿಲ್ಲ. ಗೆಳೆಯ ಈ ಕೆಲಸಕ್ಕೆ ಹಣ ಪಡೆಯುವಂತಿಲ್ಲವೆಂಬುದನ್ನೂ ನೆನಪಿಡಬೇಕು, ಏಕೆಂದರೆ ಶುಲ್ಕ ಪಡೆದು ಚಾಲನೆ ಕಲಿಸಲು ಡ್ರೈವಿಂಗ್ ಶಾಲೆಯ ಪರವಾನಗಿ ಬೇಕಾಗುತ್ತದೆ. ಪೆಟ್ರೋಲ್ ಹಾಕಿಸುವುದು, ಚಹಾ ಕುಡಿಸುವುದು ಬೇರೆ ಮಾತು.

ಇದೆಲ್ಲ ಪೊಲೀಸರಿಗೆ ತೋರಿಸಲಿಕ್ಕಷ್ಟೇ ಎಂದು ಭಾವಿಸುವವರು ಒಮ್ಮೆ ತಮ್ಮ ವಿಮಾ ಪಾಲಿಸಿಯ ಚಾಲಕರ ಷರತ್ತನ್ನು ಓದಬೇಕು. ಕಲಿಕಾ ಲೈಸೆನ್ಸ್ ಇರುವವರೂ ವಾಹನ ಓಡಿಸಬಹುದೆಂದು ಅಲ್ಲಿ ಬರೆದಿರುತ್ತದೆ. ಆದರೆ ಮೇಲೆ ಹೇಳಿದ 3ನೆಯ ನಿಯಮವನ್ನು ಪಾಲಿಸಿರಬೇಕೆಂಬ ಮಾತು ಅದರ ಬೆನ್ನಿಗೇ ಇರುತ್ತದೆ. ಪಕ್ಕದಲ್ಲಿ ಲೈಸೆನ್ಸ್ ಇರುವವರಿಲ್ಲದಾಗ ಏನಾದರೂ ಸಂಭವಿಸಿದರೆ, ಪರಿಹಾರದ ಹೊರೆ ಕಾರಿನ ಮಾಲೀಕರ ತಲೆಯ ಮೇಲೆ ಬೀಳುವ ಸಾಧ್ಯತೆ ಇದೆ. ಕಾರು ಗೆಳೆಯನದ್ದೇ ಆಗಿದ್ದರೆ ಬಂಪರ್ ತರಚಿದರೆ, ಕನ್ನಡಿ ಮುರಿದರೆ ಖರ್ಚು ಯಾರದೆಂದು ಮೊದಲ ದಿನವೇ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆ ಇಂಥ ಮಾತಿಗೆ ಸಂಕೋಚ ಜಾಸ್ತಿ, 'ನಮ್ಮನಮ್ಮಲ್ಲಿ ಎಂಥ ಲೆಕ್ಕ' ಎಂದು ತೇಲಿಸಿಬಿಡುತ್ತಾರೆ. ಕಲಿಯುವವರೇ ಭರಿಸುವುದೆಂದು ಇಟ್ಟುಕೊಂಡರೆ ಮುಂದೆ ಮುಖ ಸಪ್ಪಗಾಗುವ ಪ್ರಸಂಗ ಬರುವುದಿಲ್ಲ.

ಯಾವ ಗೆಳೆಯ, ಯಾವ ಕಾರು

ಬೆಂಗಳೂರಿನಿಂದ ರಾತ್ರೋರಾತ್ರಿ ಗಾಡಿ ಹೊಡೆದುಕೊಂಡು ಬಂದೆನೆಂದು ಹೇಳಿಕೊಳ್ಳುವ ಗೆಳೆಯ ಎಷ್ಟೇ ಒಳ್ಳೆಯ ಚಾಲಕನಾಗಿದ್ದರೂ ಈ ಕೆಲಸಕ್ಕೆ ಸೂಕ್ತನಲ್ಲ. ಬೇಕಾದವರು ಎರಡು-ಮೂರು ಮಳೆಗಾಲವಾದರೂ ಇದೇ ರಸ್ತೆಗಳಲ್ಲಿ ಕಾರು ಓಡಿಸಿದವರು, ಗಾಬರಿಯಾದಾಗ ದನಿ ಏರಿಸದವರು, ತಮ್ಮ ಫೋನನ್ನು ಒಂದು ಗಂಟೆ ಜೇಬಿನಲ್ಲಿ ಇಟ್ಟುಕೊಂಡು ಇರಬಲ್ಲವರು. ಕುಡಿದಿರಬಾರದೆಂಬ ನಿಯಮ ಚಾಲಕರಿಗೆ ಹೇಗೋ ಹಾಗೆ ಪಕ್ಕದಲ್ಲಿ ಕೂರುವವರಿಗೂ ಅನ್ವಯಿಸಿಕೊಳ್ಳಬೇಕು, ಏಕೆಂದರೆ ಅಗತ್ಯ ಬಿದ್ದರೆ ಅವರೇ ಸ್ಟೇರಿಂಗ್ ಹಿಡಿದು ಮನೆಗೆ ತರಬೇಕಾಗುತ್ತದೆ. ಗಂಡ-ಹೆಂಡತಿ, ಅಪ್ಪ-ಮಗ ಒಬ್ಬರಿಗೊಬ್ಬರು ಕಲಿಸಲು ಹೊರಟು ಅರ್ಧ ದಾರಿಯಲ್ಲಿ ಮಾತು ಬಿಟ್ಟ ಉದಾಹರಣೆಗಳು ಪ್ರತಿ ಕೇರಿಯಲ್ಲೂ ಇವೆ. ಈ ವಿಷಯದಲ್ಲಿ ಮನೆಯವರಿಗಿಂತ ಗೆಳೆಯರೇ ವಾಸಿ.

ಕಾರು ಆದಷ್ಟು ಚಿಕ್ಕದಿರಲಿ. ಎರಡು ಸೀಟುಗಳ ನಡುವೆ ಕೈಯಿಂದ ಎಳೆಯುವ ಹ್ಯಾಂಡ್ ಬ್ರೇಕ್ ಕಡ್ಡಾಯವಾಗಿ ಇರಲಿ. ಈಗಿನ ಕೆಲವು ಕಾರುಗಳಲ್ಲಿ ಹ್ಯಾಂಡ್ ಬ್ರೇಕಿನ ಬದಲು ಒಂದು ಗುಂಡಿ ಮಾತ್ರ ಇರುತ್ತದೆ. ಕೈಯಿಂದ ಹದವರಿತು ಎಳೆಯಲು ಅಲ್ಲಿ ಅವಕಾಶವಿಲ್ಲದ್ದರಿಂದ ಅಂಥ ಕಾರನ್ನು ಅಭ್ಯಾಸಕ್ಕೆ ಬಳಸದಿರುವುದು ಲೇಸು. ಒಳಗಿನ ಕನ್ನಡಿಯ ಪಕ್ಕದಲ್ಲಿ ಗಾಜಿಗೆ ಅಂಟಿಸುವ ಇನ್ನೊಂದು ಚಿಕ್ಕ ಕನ್ನಡಿ ಹಾಕಿಕೊಂಡರೆ ಗೆಳೆಯನಿಗೂ ಹಿಂದಿನ ರಸ್ತೆ ಕಾಣುತ್ತದೆ. ಹಿಂದಿನ ಸೀಟು ಖಾಲಿ ಇರಬೇಕು. ಮಕ್ಕಳನ್ನಾಗಲಿ, 'ನಾನೂ ಬತ್ತೆ' ಎಂದು ಹತ್ತಿಕೊಳ್ಳುವ ಮೂರನೆಯ ಗೆಳೆಯನನ್ನಾಗಲಿ ಮೊದಲ ತಿಂಗಳು ಕರೆದೊಯ್ಯಬಾರದು. ನೋಡುವವರಿದ್ದರೆ ಕಲಿಯುವವರ ಕೈ ಬಿಗಿಯುತ್ತದೆ.

ಕಾರಿನೊಳಗಿನ ಮಾತು

ಹೊರಡುವ ಮೊದಲು, ಕಾರು ನಿಂತಿರುವಾಗಲೇ, ಯಾವ ಮಾತಿಗೆ ಯಾವ ಕ್ರಿಯೆ ಎಂಬುದನ್ನು ಇಬ್ಬರೂ ನಿಶ್ಚಯಿಸಿಕೊಳ್ಳಬೇಕು. 'ನಿಧಾನ', 'ನಿಲ್ಲಿಸು', 'ಎಡಕ್ಕೆ', 'ಬಲಕ್ಕೆ', 'ಹೊರಡು' ಎಂಬ ಐದು ಮಾತುಗಳೇ ಬಹುಪಾಲು ಸಾಕಾಗುತ್ತವೆ. 'ನಿಲ್ಲಿಸು' ಎಂದಾಗ ಏಕೆ ಎಂದು ಕೇಳದೆ ಕ್ಲಚ್ ಮತ್ತು ಬ್ರೇಕ್ ತುಳಿಯಬೇಕು. ಕಾರಣ ನಿಂತ ಮೇಲೆ. ಆಡಬಾರದ ಕೆಲವು ಮಾತುಗಳನ್ನೂ ಗುರುತಿಸಿಕೊಳ್ಳಬೇಕು. 'ಬ್ರೇಕ್ ಹಾಕಬೇಡ' ಎಂದು ಹೇಳಿದರೆ ಮೊದಲು ಕಿವಿಗೆ ಬೀಳುವುದು ಬ್ರೇಕ್, 'ಬೇಡ' ಬರುವಷ್ಟರಲ್ಲಿ ಕಾಲು ತುಳಿದಾಗಿರುತ್ತದೆ. ಆದ್ದರಿಂದ ಮಾಡಬಾರದ್ದನ್ನು ಹೇಳುವ ಬದಲು ಮಾಡಬೇಕಾದ್ದನ್ನೇ, 'ಹೀಗೇ ಹೋಗು' ಎಂಬಂತೆ, ಹೇಳಬೇಕು. ಹಾಗೆಯೇ 'ರೈಟ್' ಎಂಬ ಮಾತನ್ನು ಕಾರಿನೊಳಗೆ ಪೂರ್ತಿ ಬಿಟ್ಟುಬಿಡಬೇಕು: ಬಸ್ಸಿನ ಕಂಡಕ್ಟರು 'ರೈಟ್ ರೈಟ್' ಎಂದರೆ ಹೊರಡು ಎಂದರ್ಥ, ದಾರಿ ಹೇಳುವವನ ಬಾಯಲ್ಲಿ ಅದೇ ಬಲಕ್ಕೆ ತಿರುಗು ಎಂದಾಗುತ್ತದೆ.

ತಿರುವನ್ನು ಕೊನೆಯ ಗಳಿಗೆಯಲ್ಲಿ ಹೇಳುವುದು ಹೊಸದಾಗಿ ಕಲಿಸುವವರ ಸಾಮಾನ್ಯ ದೋಷ. ಗೆಳೆಯನಿಗೆ ತಿರುಗುವುದೆಂದರೆ ಒಂದೇ ಕೆಲಸ, ಕಲಿಯುವವರಿಗೆ ಅದು ಕನ್ನಡಿ ನೋಡುವುದು, ಇಂಡಿಕೇಟರ್ ಹಾಕುವುದು, ವೇಗ ತಗ್ಗಿಸುವುದು, ಗೇರ್ ಇಳಿಸುವುದು, ಸ್ಟೇರಿಂಗ್ ತಿರುಗಿಸುವುದು ಎಂಬ ಐದು ಕೆಲಸ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ಹೀಗಾಗಿ 'ಆ ಹಾಲಿನ ಡೇರಿ ಕಳೆದ ಮೇಲೆ ಎಡಕ್ಕೆ' ಎಂದು ಬಹಳ ಮೊದಲೇ, ಕಣ್ಣಿಗೆ ಕಾಣುವ ಗುರುತಿನೊಡನೆ ಹೇಳಬೇಕು.

ಮೊದಲ ಹಂತ: ಖಾಲಿ ಬಯಲು

ಮನೆ ಏಳದ ಹೊಸ ಲೇಔಟಿನ ರಸ್ತೆ, ಮಾಲೀಕರ ಒಪ್ಪಿಗೆ ಪಡೆದ ಗಟ್ಟಿ ನೆಲದ ಬಯಲು ಇವು ಆರಂಭಕ್ಕೆ ತಕ್ಕವು. ಕರಾವಳಿಯ ಹುಡುಗರಿಗೆ ಕಡಲ ದಂಡೆ ಕಣ್ಣಿಗೆ ಬೀಳುತ್ತದೆ, ಅದು ಬೇಡ. ಮರಳಿನಲ್ಲಿ ಚಕ್ರ ಹೂತು, ಹೊರತೆಗೆಯಲು ಹಾಫ್ ಕ್ಲಚ್‌ನಲ್ಲಿ ಎಂಜಿನ್ ಕೂಗಿಸಿ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವಷ್ಟರಲ್ಲಿ ಭರತ ಏರತೊಡಗಿರುತ್ತದೆ. ಉಪ್ಪುನೀರು ತಗುಲಿದ ತಳಕ್ಕೆ ತುಕ್ಕು ಹಿಡಿಯುವುದು ಆಮೇಲಿನ ಕಥೆ.

ಬಯಲಿನಲ್ಲಿ ಮೊದಲು ಮಾಡಬೇಕಾದದ್ದು ಕಲಿಯುವವರ ಅಭ್ಯಾಸವಲ್ಲ, ಗೆಳೆಯನ ಅಭ್ಯಾಸ. ಕಾರು ಗಂಟೆಗೆ 10-15 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವಾಗ ಗೆಳೆಯ ಹ್ಯಾಂಡ್ ಬ್ರೇಕಿನ ತುದಿಯ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಹದವಾಗಿ ಮೇಲಕ್ಕೆ ಎಳೆದು ನಿಲ್ಲಿಸಿ ನೋಡಬೇಕು. ಗುಂಡಿ ಒತ್ತಿ ಹಿಡಿದಿದ್ದರೆ ಬ್ರೇಕ್ ಸಿಕ್ಕಿಕೊಳ್ಳುವುದಿಲ್ಲ, ಬೇಕೆಂದಾಗ ಸಡಿಲಿಸಬಹುದು. ವೇಗ ಹೆಚ್ಚಿರುವಾಗ ಅದನ್ನು ಒಮ್ಮೆಲೇ ಜಗ್ಗಿದರೆ ಹಿಂದಿನ ಚಕ್ರಗಳು ಕಚ್ಚಿಕೊಂಡು ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಅದು ನಿಧಾನಗತಿಯ ಆಯುಧ ಎಂಬುದನ್ನು ಕೈಯೇ ಕಲಿತುಕೊಳ್ಳಬೇಕು. ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿಯುವುದು ಹೊಸಬರಲ್ಲಿ ಸಾಮಾನ್ಯ. ಆಗ ಗೆಳೆಯ ಗೇರ್ ಲಿವರನ್ನು ನ್ಯೂಟ್ರಲ್‌ಗೆ ತಳ್ಳಿ ಹ್ಯಾಂಡ್ ಬ್ರೇಕ್ ಎಳೆದರೆ, ಎಂಜಿನ್ ಎಷ್ಟೇ ಕಿರುಚಿದರೂ ಚಕ್ರಕ್ಕೆ ಬಲ ತಲುಪುವುದಿಲ್ಲ. ಕೀಲಿಯನ್ನು ತಿರುಗಿಸಿ ಎಂಜಿನ್ ಆಫ್ ಮಾಡುವ ಯೋಚನೆ ಬೇಡ: ಬ್ರೇಕಿಗೂ ಸ್ಟೇರಿಂಗಿಗೂ ಎಂಜಿನ್ ಕೊಡುವ ನೆರವು ಇಲ್ಲವಾಗುತ್ತದೆ, ಕೀಲಿ ಹೊರಬಂದರೆ ಸ್ಟೇರಿಂಗ್ ಲಾಕ್ ಆಗಿಬಿಡುತ್ತದೆ.

ಇಷ್ಟಾದ ಮೇಲೆ ಕಲಿಯುವವರ ಸರದಿ. ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಬಿಡುತ್ತ ಕಾರು ತಾನಾಗಿ ತೆವಳತೊಡಗುವ ಬಿಂದುವನ್ನು ಪಾದದಿಂದ ಕಂಡುಕೊಳ್ಳಬೇಕು. ಇದು ಕೂತರೆ ಎಂಜಿನ್ ಪದೇಪದೇ ಆಫ್ ಆಗುವುದು ನಿಲ್ಲುತ್ತದೆ. ಹಿಂದಕ್ಕೆ ಬಿಡುವುದನ್ನು ಇದೇ ಬಯಲಿನಲ್ಲಿ, ಮುಂದಕ್ಕೆ ಹೋದಷ್ಟೇ ಹೊತ್ತು ಅಭ್ಯಾಸ ಮಾಡಬೇಕು. ಎರಡು ಕಲ್ಲುಗಳ ನಡುವೆ ಹಿಂದಕ್ಕೆ ಬಿಟ್ಟು ಒಳಸೇರಿಸುವುದನ್ನು ಬಹಳ ಮಂದಿ ಮುಂದೂಡುತ್ತಾರೆ, ಅದರ ಬೆಲೆ ಮುಂದಿನ ಹಂತದಲ್ಲಿ ತಿಳಿಯುತ್ತದೆ.

ಎರಡನೆಯ ಹಂತ: ಒಳರಸ್ತೆ

ನಮ್ಮ ಜಿಲ್ಲೆಯಲ್ಲಿ ನಿಜವಾದ ಕಲಿಕೆ ನಡೆಯುವುದು ಒಂದೇ ಗಾಡಿ ಹಿಡಿಸುವ ಡಾಂಬರು ರಸ್ತೆಯಲ್ಲಿ. ಶಿರಸಿಯವರು ಆರಂಭಕ್ಕೆ ಪಶ್ಚಿಮದ ಘಟ್ಟದ ಕಡೆ ಹೋಗದೆ, ನೆಲ ಸಪಾಟಾಗುತ್ತ ಹೋಗುವ ಬನವಾಸಿ ಕಡೆಯ ಹಳ್ಳಿ ರಸ್ತೆಗಳನ್ನು ಆರಿಸಿಕೊಳ್ಳಬಹುದು. ಕರಾವಳಿಯವರಿಗೆ ಅಂಕೋಲಾ, ಕುಮಟಾ ಸುತ್ತಲಿನ ಗದ್ದೆ ಬಯಲಿನ ರಸ್ತೆಗಳಿವೆ. ಹೊತ್ತು ಬೆಳಗಿನ ಏಳರ ಸುಮಾರಿಗಿರಲಿ, ಶಾಲೆಯ ಮಕ್ಕಳು ರಸ್ತೆಗೆ ಬರುವ ಮೊದಲು ಮುಗಿಯಲಿ.

ಈ ರಸ್ತೆಗಳಲ್ಲಿ ಡಾಂಬರಿನ ಅಂಚು ಮತ್ತು ಅದರಾಚೆಯ ಮಣ್ಣಿನ ನಡುವೆ ಅರ್ಧ ಗೇಣಿನಷ್ಟು ಇಳಿವು ಇರುವುದುಂಟು. ಎದುರಿಗೆ ಗಾಡಿ ಬಂತೆಂದು ಎಡಕ್ಕೆ ಸರಿದಾಗ ಎಡಗಡೆಯ ಚಕ್ರಗಳು 'ದಡ್' ಎಂದು ಕೆಳಗಿಳಿಯುತ್ತವೆ, ಕಾರು ವಾಲುತ್ತದೆ, ಸ್ಟೇರಿಂಗ್ ಕೈಯಲ್ಲಿ ಕುಲುಕುತ್ತದೆ. ಆ ಗಳಿಗೆಯಲ್ಲಿ ಎಲ್ಲರಿಗೂ ಆಗುವ ಪ್ರೇರಣೆಯೆಂದರೆ ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಮೇಲೆ ಹತ್ತಿಸುವುದು. ಚಕ್ರದ ಬದಿ ಡಾಂಬರಿನ ಅಂಚಿಗೆ ಉಜ್ಜುತ್ತ ಕೆಲಹೊತ್ತು ಹತ್ತುವುದಿಲ್ಲ, ಕೈ ಇನ್ನಷ್ಟು ತಿರುಗಿಸುತ್ತದೆ, ಹತ್ತಿದ ಕ್ಷಣವೇ ಕಾರು ಬಲಬದಿಗೆ ಚಿಮ್ಮುತ್ತದೆ. ಎದುರಿನ ಗಾಡಿ ಅಲ್ಲೇ ಇದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಮಾಡಬೇಕಾದದ್ದು ಇಷ್ಟು: ಸ್ಟೇರಿಂಗನ್ನು ನೇರ ಹಿಡಿಯಬೇಕು, ಆಕ್ಸಿಲರೇಟರ್ ಬಿಡಬೇಕು, ಬ್ರೇಕನ್ನು ಮೃದುವಾಗಿ ಒತ್ತಬೇಕು, ಚಕ್ರ ಮಣ್ಣಿನಲ್ಲೇ ಸಾಗುತ್ತ ಕಾರು ನಡಿಗೆಯ ವೇಗಕ್ಕೆ ಬರುವವರೆಗೆ ಕಾಯಬೇಕು, ಆಮೇಲೆ ಹಿಂದೆಮುಂದೆ ನೋಡಿ, ಅಂಚು ತಗ್ಗಿರುವ ಕಡೆ ಮೇಲಕ್ಕೆ ಹತ್ತಿಸಬೇಕು. ಇದನ್ನು ಯಾರೂ ಇಲ್ಲದ ರಸ್ತೆಯಲ್ಲಿ, ನಿಧಾನಗತಿಯಲ್ಲಿ, ಬೇಕೆಂದೇ ಒಂದು ಚಕ್ರ ಇಳಿಸಿ ಅಭ್ಯಾಸ ಮಾಡಬಹುದು. ಇಳಿಸುವ ಮೊದಲು ಆ ಬದಿಯಲ್ಲಿ ಗಟಾರವಾಗಲಿ ಮೋರಿಯಾಗಲಿ ಇಲ್ಲವೆಂದು ಗೆಳೆಯ ಇಳಿದು ನೋಡಿಬರಬೇಕು. ಮಳೆಗಾಲದಲ್ಲಿ ಈ ಕೆಂಪು ಮಣ್ಣಿನ ಬದಿ ಮೆದುವಾಗಿ, ಹುಲ್ಲಿನ ಕೆಳಗೆ ಏನಿದೆಯೆಂದೇ ತಿಳಿಯದಂತಾಗುವುದರಿಂದ ಆಗ ಈ ಅಭ್ಯಾಸ ಬೇಡ.

ಎದುರಿಗೆ ಬಸ್ಸು ಬಂದಾಗ ಯಾರು ಹಿಂದಕ್ಕೆ ಹೋಗಬೇಕೆಂಬ ಪ್ರಶ್ನೆಗೆ ಹಳ್ಳಿ ರಸ್ತೆಯಲ್ಲಿ ಲಿಖಿತ ಉತ್ತರವಿಲ್ಲ, ರೂಢಿಯ ಉತ್ತರವಿದೆ: ಚಿಕ್ಕ ಗಾಡಿಯವರು. ಐವತ್ತು ಜನರನ್ನು ಹೊತ್ತ ವಾಯವ್ಯ ಸಾರಿಗೆಯ ಬಸ್ಸಿನ ಚಾಲಕರು ಎಲ್ ಬೋರ್ಡ್ ಕಂಡು ತಾಳ್ಮೆಯಿಂದ ಕಾಯುವುದೂ ಉಂಟು, ದೀಪ ಮಿಟುಕಿಸಿ ಅವಸರ ಮಾಡುವುದೂ ಉಂಟು. ಎದುರಿಗೆ ಬಸ್ಸು ಕಂಡ ಕೂಡಲೇ ನಿಲ್ಲಬೇಕು. ಹತ್ತಿರ ಹೋಗಿ ಮುಖಾಮುಖಿಯಾದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ. ಬರುವಾಗಲೇ ರಸ್ತೆ ಅಗಲವಿದ್ದ ಜಾಗಗಳನ್ನು, ಯಾವುದೋ ಮನೆಯ ಗೇಟಿನ ಮುಂದಿನ ಹರವನ್ನೋ ಕವಲುದಾರಿಯನ್ನೋ, ಗೆಳೆಯ ಗಮನಿಸಿಕೊಂಡು ಬಂದಿದ್ದರೆ ಎಲ್ಲಿಯವರೆಗೆ ಹಿಂದಕ್ಕೆ ಬಿಡಬೇಕೆಂಬುದು ತಿಳಿದಿರುತ್ತದೆ. ಹಿಂದಕ್ಕೆ ಬಿಡುವಾಗ ತಿರುವು ಇದ್ದು ಕಲಿಯುವವರಿಗೆ ಧೈರ್ಯ ಸಾಲದಿದ್ದರೆ ಹ್ಯಾಂಡ್ ಬ್ರೇಕ್ ಎಳೆದು, ಗೆಳೆಯನಿಗೆ ಸೀಟು ಬಿಟ್ಟುಕೊಡಬೇಕು. ಬಸ್ಸಿನಲ್ಲಿದ್ದವರು ನೋಡಿ ನಕ್ಕರೆ ನಗಲಿ.

ಮೂರನೆಯ ಹಂತ: ಏರಿನಲ್ಲಿ ನಿಂತು ಹೊರಡುವುದು

ಚಾಲನಾ ಪರೀಕ್ಷೆಯಲ್ಲಿ ಕೇಳಬಹುದಾದ ವಿಷಯಗಳಲ್ಲಿ, ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಜಾರದಂತೆ ಹೊರಡಿಸುವುದೂ ಒಂದು. ನಮ್ಮಲ್ಲಿ ಅದು ಪರೀಕ್ಷೆಗಷ್ಟೇ ಸೀಮಿತವಲ್ಲ. ತೋಟದಿಂದ ಮನೆಯಂಗಳಕ್ಕೆ ಹತ್ತುವ ದಾರಿಯಲ್ಲೂ, ಹಳ್ಳ ದಾಟಿದ ಕೂಡಲೇ ಎದುರಾಗುವ ಏರಿನಲ್ಲೂ ದಿನವೂ ಬೇಕಾಗುವ ವಿದ್ಯೆ. ಹಿಂದೆ ಯಾವ ಗಾಡಿಯೂ ಬರದ ಸಣ್ಣ ಏರನ್ನು ಆರಿಸಿಕೊಂಡು ಕಾರನ್ನು ನಿಲ್ಲಿಸಿ ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆಯಬೇಕು. ಕ್ಲಚ್ ತುಳಿದು ಮೊದಲ ಗೇರ್ ಹಾಕಿ, ಬಲಗಾಲಿನಿಂದ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಎಂಜಿನ್ನಿನ ದನಿ ಒಂದೇ ಸಮ ಏರಿದಂತೆ ಹಿಡಿಯಬೇಕು. ಈಗ ಕ್ಲಚ್ಚನ್ನು ಬಿಡುತ್ತ ಬಂದಂತೆ ಒಂದು ಹಂತದಲ್ಲಿ ಎಂಜಿನ್ನಿನ ದನಿ ತಗ್ಗುತ್ತದೆ, ಬಾನೆಟ್ಟು ತುಸು ಮೇಲಕ್ಕೆ ಎದ್ದಂತೆ ಕಾಣುತ್ತದೆ, ಸೀಟಿನ ಬೆನ್ನಿನಲ್ಲಿ ಸಣ್ಣ ನಡುಕ ಬರುತ್ತದೆ. ಕಾಲನ್ನು ಅಲ್ಲಿಯೇ ತಡೆದು ಹಿಡಿದು ಹ್ಯಾಂಡ್ ಬ್ರೇಕ್ ಇಳಿಸಬೇಕು. ಕಾರು ಹಿಂದಕ್ಕೂ ಜಾರದೆ ಮುಂದಕ್ಕೂ ನೆಗೆಯದೆ ಒಂದು ಗಳಿಗೆ ನಿಂತಲ್ಲೇ ನಿಂತು, ಆಕ್ಸಿಲರೇಟರ್ ಇನ್ನಷ್ಟು ಕೊಟ್ಟು ಕ್ಲಚ್ ಬಿಟ್ಟಂತೆ ಏರತೊಡಗುತ್ತದೆ. ಗೆಳೆಯ ತನ್ನ ಕಿಟಕಿಯಿಂದ ರಸ್ತೆ ಬದಿಯ ಒಂದು ಕಲ್ಲನ್ನು ಗುರುತಿಟ್ಟುಕೊಂಡು ನೋಡುತ್ತಿದ್ದರೆ, ಎಷ್ಟು ಜಾರಿತೆಂಬುದು ಊಹೆಯಾಗಿ ಉಳಿಯದೆ ಅಳತೆಗೆ ಸಿಗುತ್ತದೆ. ಆ ಕಲ್ಲು ಅಲುಗದಂತಾದ ಮೇಲೆ ಹೆಚ್ಚು ಕಡಿದಾದ ಏರಿಗೆ ಹೋಗಬಹುದು.

ಇದೇ ಅಭ್ಯಾಸದಲ್ಲಿ ಕ್ಲಚ್ಚಿನ ಮೇಲೆಯೇ ಕಾರನ್ನು ತಡೆದು ನಿಲ್ಲಿಸುವ ಚಟ ಅಂಟದಂತೆ ನೋಡಿಕೊಳ್ಳಬೇಕು. ನಿಲ್ಲಲು ಬ್ರೇಕ್ ಇದೆ, ಕ್ಲಚ್ ಇರುವುದು ಹೊರಡಲು ಮತ್ತು ಗೇರ್ ಬದಲಿಸಲು.

ಊರೊಳಗೆ, ಆಮೇಲೆ ಹೆದ್ದಾರಿಗೆ

ಊರೊಳಗಿನ ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರವಾರದಲ್ಲಿ ಭಾನುವಾರದ ಸಂತೆಯ ಹೊತ್ತನ್ನು, ಶಿರಸಿಯಲ್ಲಿ ಬಿಡ್ಕಿಬೈಲಿನ ಸುತ್ತ ಸಂಜೆಯ ಹೊತ್ತನ್ನು ಬಿಟ್ಟು ಉಳಿದ ಸಮಯದಲ್ಲಿ ಎರಡನೆಯ ಗೇರಿನಲ್ಲಿ ಸುತ್ತಿ ಬಂದರೆ ಸಾಕು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಪಳಗಿದ ಚಾಲಕರೇ ಕಾರನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ರಸ್ತೆಯ ನಡುವೆ ಮಲಗಿದ ದನ ಹಾರ್ನಿಗೆ ಏಳುವುದಿಲ್ಲವೆಂಬುದನ್ನು ಒಪ್ಪಿಕೊಂಡು, ಕನ್ನಡಿ ನೋಡಿ ಇಂಡಿಕೇಟರ್ ಹಾಕಿ ಸುತ್ತಿ ಹೋಗುವುದನ್ನು ರೂಢಿಸಿಕೊಳ್ಳಬೇಕು.

ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಕರಾವಳಿಯ ಉದ್ದಕ್ಕೂ ಹಾದಿದೆ. ಅಗಲವಾದ ರಸ್ತೆಯಾದ್ದರಿಂದ ಕಲಿಯಲು ಸುಲಭವೆಂದು ಅನೇಕರು ಮೊದಲ ವಾರವೇ ಅಲ್ಲಿಗೆ ಕರೆದೊಯ್ಯುತ್ತಾರೆ. ಸ್ಟೇರಿಂಗ್ ಹಿಡಿಯುವುದು ಅಲ್ಲಿ ಸುಲಭವೇ, ಆದರೆ ಗೆಳೆಯನ ಹ್ಯಾಂಡ್ ಬ್ರೇಕ್ ಅಲ್ಲಿ ಉಪಯೋಗಕ್ಕಿಲ್ಲ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಚತುಷ್ಪಥದ ತಪ್ಪು ಬದಿಯಲ್ಲಿ ಎದುರಿಗೆ ಬರುವ ಸ್ಕೂಟರುಗಳೂ, ವಿಭಜಕದ ಕಿಂಡಿಯಲ್ಲಿ ಒಮ್ಮೆಲೇ ತಿರುಗುವ ರಿಕ್ಷಾಗಳೂ ಅಲ್ಲಿ ಸಾಮಾನ್ಯ. ಮೀನಿನ ಲಾರಿಗಳಿಂದ ಸೋರಿದ ನೀರು ತಿರುವುಗಳಲ್ಲಿ ರಸ್ತೆಯನ್ನು ಜಾರುವಂತೆ ಮಾಡಿರುತ್ತದೆ. ಬೈತಖೋಲದಂಥ ಬಂದರುಗಳ ಹತ್ತಿರ ಇದನ್ನು ವಿಶೇಷವಾಗಿ ಗಮನಿಸಬೇಕು. ಹಿಂದಿನ ಮೂರು ಹಂತಗಳು ಹಿಡಿತಕ್ಕೆ ಬಂದ ಮೇಲೆ, ಹಗಲು ಹೊತ್ತಿನಲ್ಲಿ, ಒಣ ರಸ್ತೆಯಲ್ಲಿ, ಎಡ ಲೇನಿನಲ್ಲೇ ಉಳಿದು, ಮುಂದಿನ ಗಾಡಿಯಿಂದ ಕನಿಷ್ಠ ಮೂರು ಸೆಕೆಂಡುಗಳ ಅಂತರ ಕಾಯ್ದುಕೊಂಡು ಹೋಗಬೇಕು. ಮುಂದಿನ ಲಾರಿ ಒಂದು ಮೈಲಿಗಲ್ಲು ದಾಟಿದಾಗ ಗೆಳೆಯ ಮೂರು ಎಣಿಸತೊಡಗಿ, ಎಣಿಕೆ ಮುಗಿದ ಮೇಲೆ ನಮ್ಮ ಕಾರು ಅದನ್ನು ದಾಟಿದರೆ ಅಂತರ ಸಾಕೆಂದು ತಿಳಿಯಬಹುದು. ಓವರ್‌ಟೇಕ್ ಮಾಡುವುದನ್ನು ಎಲ್ ಬೋರ್ಡ್ ಇರುವಷ್ಟು ದಿನ ಕಲಿಯದಿದ್ದರೂ ಏನೂ ನಷ್ಟವಿಲ್ಲ.

ಘಟ್ಟ

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರ-ಅಂಕೋಲಾ ನಡುವಿನ ಅರಬೈಲು, ಹೊನ್ನಾವರದಿಂದ ಜೋಗದ ಕಡೆ ಏರುವ ಗೇರುಸೊಪ್ಪ, ಕದ್ರಾದಿಂದ ಜೋಯಿಡಾ ಕಡೆಯ ಅಣಶಿ: ಕರಾವಳಿಗೂ ಮೇಲಿನ ತಾಲೂಕುಗಳಿಗೂ ಬಳಕೆ ಇರುವವರು ಇವುಗಳಲ್ಲಿ ಒಂದನ್ನಾದರೂ ಹಾಯಲೇಬೇಕು. ಹಾಗೆಂದು ಕಲಿಕೆಯ ದಿನಗಳಲ್ಲೇ ಹಾಯಬೇಕೆಂದಿಲ್ಲ. ನನ್ನ ಸಲಹೆಯಂತೆ ಪಕ್ಕಾ ಲೈಸೆನ್ಸ್ ಸಿಕ್ಕ ಮೇಲೆ, ಅದೇ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಏರುವ ದಿಕ್ಕಿನಲ್ಲಿ ಘಟ್ಟವನ್ನು ಹಾಯುವುದು ಸರಿಯಾದ ಕ್ರಮ. ಏರುವಾಗ ಕಾಲು ತೆಗೆದರೆ ಗಾಡಿ ತಾನಾಗಿ ನಿಧಾನವಾಗುತ್ತದೆ, ಇಳಿಯುವಾಗ ತಾನಾಗಿ ವೇಗ ಹೆಚ್ಚುತ್ತದೆ.

ಇಳಿಯುವಾಗ, ಅದೇ ರಸ್ತೆಯನ್ನು ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರುತ್ತದೆ, ಬ್ರೇಕ್ ಬೇಕಾದಾಗ ಮಾತ್ರ ಬಳಕೆಗೆ ಬರುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಚಟ ನಮ್ಮ ಹಳೆಯ ಚಾಲಕರಲ್ಲಿ ಇನ್ನೂ ಇದೆ. ಗೆಳೆಯ ಅದನ್ನು ಹೇಳಿಕೊಟ್ಟರೆ ಕೇಳಬಾರದು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಆರುವವರೆಗೆ ಕಾಯಬೇಕು, ಚಕ್ರಕ್ಕೆ ನೀರು ಸುರಿಯಬಾರದು. ಇಕ್ಕಟ್ಟಾದ ಜಾಗದಲ್ಲಿ ಎರಡು ಗಾಡಿ ಎದುರಾದರೆ ಏರಿ ಬರುತ್ತಿರುವವರಿಗೆ ದಾರಿ ಬಿಡಬೇಕೆಂಬುದು ರಸ್ತೆಯ ನಿಯಮ. ಕಣ್ಣಿಗೆ ಕಾಣದ ತಿರುವಿನಲ್ಲಿ ಹಾರ್ನ್ ಮಾಡಿ, ಎದುರಿನ ಲಾರಿ ಅಗಲಕ್ಕೆ ತಿರುಗಿಸಿಕೊಂಡು ನಮ್ಮ ಬದಿಗೆ ಬಂದೇ ಬರುತ್ತದೆಂದು ಎಣಿಸಿ, ತಿರುವಿಗೆ ಮೊದಲೇ ವೇಗ ತಗ್ಗಿಸಿರಬೇಕು.

ಮಳೆಗಾಲದ ಮಾತು ಬೇರೆ. ಜೂನ್‌ನ ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆಯೂ ಧೂಳೂ ಸೇರಿ ಲೋಳೆಯಂತಾಗುತ್ತದೆ, ಆಮೇಲೆ ಮರಗಳ ನೆರಳಿರುವ ಕಡೆ ಪಾಚಿ ಕಟ್ಟುತ್ತದೆ. ಘಟ್ಟದಲ್ಲಿ ಮಂಜು ಮುಸುಕುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆಯೇ ಜನ ಜೀವ ಕಳೆದುಕೊಂಡ ಮೇಲೆ, ಕಡಿದ ಗುಡ್ಡದ ಪಕ್ಕದಲ್ಲಿ ಕಾರು ನಿಲ್ಲಿಸಿ ಚಹಾ ಕುಡಿಯುವುದನ್ನು ನಮ್ಮವರು ಬಿಡಬೇಕಿತ್ತು, ಎಲ್ಲರೂ ಬಿಟ್ಟಿಲ್ಲ. ಕಲಿಯುವವರು ಜಡಿಮಳೆಯ ದಿನಗಳಲ್ಲಿ ಹೊರಡದಿರುವುದೇ ಉತ್ತಮ. ಸಣ್ಣ ಮಳೆಯಲ್ಲಿ ಮಾತ್ರ, ಪರಿಚಿತ ಒಳರಸ್ತೆಯಲ್ಲಿ, ವೈಪರ್ ಮತ್ತು ಗಾಜಿನ ಮಬ್ಬು ತೆಗೆಯುವ ಗಾಳಿಯನ್ನು ರಸ್ತೆಯಿಂದ ಕಣ್ಣು ತೆಗೆಯದೆ ಹಾಕುವುದನ್ನು ರೂಢಿಸಿಕೊಳ್ಳಬಹುದು.

ಏನಾದರೂ ತಾಗಿದರೆ

ಗಾಡಿಯನ್ನು ನಿಲ್ಲಿಸಬೇಕು, ಹಜಾರ್ಡ್ ದೀಪ ಹಾಕಬೇಕು, ಯಾರಿಗಾದರೂ ಪೆಟ್ಟಾಗಿದ್ದರೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ ಚಿಕಿತ್ಸೆಗೆ ಸಾಗಿಸಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಹಾಯವಾಣಿಯೂ ಇದೆ. 'ಓಡಿಸುತ್ತಿದ್ದವನು ನಾನೇ' ಎಂದು ಲೈಸೆನ್ಸ್ ಇರುವ ಗೆಳೆಯ ಸೀಟು ಬದಲಿಸಿಕೊಂಡು ಹೇಳುವುದು ಸ್ನೇಹದಂತೆ ಕಂಡರೂ ಸುಳ್ಳು ಹೇಳಿಕೆಯಾಗುತ್ತದೆ. ಎಲ್ ಬೋರ್ಡ್, ಕಲಿಕಾ ಲೈಸೆನ್ಸ್, ಪಕ್ಕದಲ್ಲಿ ಲೈಸೆನ್ಸ್ ಇರುವವರು ಇಷ್ಟೂ ಸರಿಯಿದ್ದಾಗ ಸೀಟು ಬದಲಿಸುವ ಅಗತ್ಯವೇ ಇರುವುದಿಲ್ಲ.

ಪರೀಕ್ಷೆಯ ದಿನ

ಕಲಿಕಾ ಲೈಸೆನ್ಸಿನ 6 ತಿಂಗಳು ಮುಗಿಯುವುದರೊಳಗೆ, ಕೊನೆಯ ವಾರಕ್ಕೆ ಬಿಡದೆ, ಪರೀಕ್ಷೆಯ ದಿನವನ್ನು ಕಾಯ್ದಿರಿಸಬೇಕು. ಅಭ್ಯಾಸ ಮಾಡಿದ ಕಾರನ್ನೇ ಒಯ್ಯುವುದಾದರೆ ಆರ್‌ಸಿ, ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರ ಊರ್ಜಿತವಾಗಿವೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಬೇಕು. ಕಚೇರಿಗೆ ಹೋಗುವ ದಾರಿಯಲ್ಲೂ ಎಲ್ ಬೋರ್ಡ್ ಇರಬೇಕು, ಗೆಳೆಯ ಪಕ್ಕದಲ್ಲಿರಬೇಕು. ಆ ದಿನ ಅವನಿಗೆ ಅಡಿಕೆ ಕೊಯ್ಲೋ ಮದುವೆಯೋ ಇದೆಯೇ ಎಂದು ದಿನಾಂಕ ಗೊತ್ತುಮಾಡುವ ಮೊದಲು ಕೇಳಿಕೊಳ್ಳುವುದು ಒಳಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ 7 ದಿನಗಳ ನಂತರ ಮತ್ತೆ ಹಾಜರಾಗಲು ಅವಕಾಶವಿದೆ. ಆ ಏಳು ದಿನ ಎಡವಿದ್ದು ಯಾವುದರಲ್ಲೋ ಅದನ್ನಷ್ಟೇ, ಸಾಮಾನ್ಯವಾಗಿ ಹಿಂದಕ್ಕೆ ಬಿಡುವುದನ್ನೋ ಏರಿನಲ್ಲಿ ಹೊರಡುವುದನ್ನೋ, ಅದೇ ಖಾಲಿ ಬಯಲಿನಲ್ಲಿ ಮತ್ತು ಅದೇ ಸಣ್ಣ ಏರಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಬೇಕು.